ಅತ್ತಿಗೆ ಹೊರಗಾಗದ ತಿಂಗಳು

ಮೊನ್ನೆ ಸೊಸೆ ಅಟ್ಟ ಗುಡಿಸುತ್ತ ಒಂದು ಈಚಲು ಚಾಪೆಯನ್ನು ಕೆಳಗೆ ಎಸೆದಳು. ಅದು ಅಂಗಳದಲ್ಲಿ ಬಿದ್ದು ಬಿಚ್ಚಿಕೊಂಡದ್ದೇ ತಡ, ಗಂಜಲ, ಒಣಹುಲ್ಲು, ಹಳೆಯ ಧೂಳು ಎಲ್ಲ ಕಲೆತ ವಾಸನೆ ಮೂಗಿಗೆ ಹೊಡೆಯಿತು. ತವರಿನಿಂದ ನಾನೇ ಹಟ ಮಾಡಿ ತಂದಿದ್ದ ಚಾಪೆ. ನಮ್ಮ ಅತ್ತಿಗೆಯದು, ಅಂದರೆ ಅಣ್ಣನ ಹೆಂಡತಿಯದು...

ಹುಲ್ಲಹಳ್ಳಿ ನಾಲೆ ಪಕ್ಕದ ಒಕ್ಕಲು ಮನೆ ನನ್ನ ತವರು. ಮುಟ್ಟಾದ ಹೆಂಗಸು ಮೂರು ದಿನ ಒಳಗೆ ಕಾಲಿಡುವಂತಿರಲಿಲ್ಲ, ಕೊಟ್ಟಿಗೆ ಪಕ್ಕದ ಜಗಲಿಯೇ ಗತಿ. ಹೊರಗಾಗುವುದು ಅನ್ನುತ್ತಿದ್ದೆವು. ಆ ಜಗಲಿಯೋ ಬೀದಿಗೆ ನೇರವಾಗಿ ಕಾಣುತ್ತಿತ್ತು. ಬೇರೆ ಹೆಂಗಸರಿಗೆ ಅದು ಮೈಗೆ ಸಿಕ್ಕ ಬಿಡುವು. ಮದುವೆಯಾಗಿ ಎಷ್ಟೋ ವರ್ಷವಾದರೂ ಮಡಿಲು ತುಂಬದ ಅತ್ತಿಗೆಗೆ ಮಾತ್ರ ತಿಂಗಳು ತಿಂಗಳೂ ಡಂಗುರ ಹೊಡೆಸಿದ ಹಾಗೆ. ನೀರಿಗೆ ಹೋಗುವವರು, “ಅಯ್ಯೋ, ಈ ತಿಂಗ್ಳೂ ಕುಂತವ್ಳಲ್ಲಪ್ಪ!” ಅಂತ ಲೊಚಗುಟ್ಟಿ ಮುಂದೆ ಹೋಗುತ್ತಿದ್ದರು. ಇವರ ಗಂಟೇನು ಹೋಗುತ್ತಿತ್ತೋ! ಅತ್ತಿಗೆ ತಲೆ ಕೂಡ ತಗ್ಗಿಸುತ್ತಿರಲಿಲ್ಲ. ಚಾಪೆಯ ಅಂಚಿನ ಗರಿ ಸೀಳುತ್ತ ಕೂತಿರುತ್ತಿದ್ದಳು.

ನಾನು ದೊಡ್ಡವಳಾದ ಮೇಲೆ ಆ ಜಗಲಿಗೆ ಇಬ್ಬರಾದೆವು. “ಅಳು ಬರಲ್ವಾ ಅತ್ಗೆ?” ಅಂತ ಒಮ್ಮೆ ಕೇಳಿಬಿಟ್ಟೆ.

“ಮೊದ್ಮೊದ್ಲು ಬತ್ತಿತ್ತು ಮಗ. ಈಗ ಒಳಗೆಲ್ಲಾ ಜೋಮು ಹಿಡ್ದಂಗದೆ.”

ಅಷ್ಟೊತ್ತಿಗೆ ಅವಳು ನಂಜನಗೂಡಿನಲ್ಲಿ ಒದ್ದೆ ಬಟ್ಟೆಯಲ್ಲಿ ಉರುಳಿದ್ದಾಗಿತ್ತು, ಮುಡುಕುತೊರೆ ಬೆಟ್ಟ ಹತ್ತಿದ್ದಾಗಿತ್ತು, ಯಾರು ಯಾವ ಕಷಾಯ ಕೊಟ್ಟರೂ ಕಣ್ಣು ಮುಚ್ಚಿ ಕುಡಿದಿದ್ದಾಗಿತ್ತು.

ಕೊನೆಗೆ ಅವ್ವ ತಿರುಮಕೂಡಲು ನರಸೀಪುರದ ಕಡೆ ಅಣ್ಣನಿಗೆ ಇನ್ನೊಂದು ಹೆಣ್ಣು ಗೊತ್ತುಮಾಡಿದಳು. ಅವ್ವ ಕೆಟ್ಟವಳೇನಲ್ಲ. “ನಿನ್ನ ಯಾರೂ ಓಡ್ಸಕಿಲ್ಲ ಕಣವ್ವ, ನೀನೂ ಇಲ್ಲೇ ಇರು” ಅಂತ ಅತ್ತಿಗೆಗೆ ಅವಳೇ ಹೇಳಿದಳು. ಅಣ್ಣ ಬಾಯಿಗೆ ಬೀಗ ಹಾಕಿಕೊಂಡ. ಅದೊಂದು ಅವನಿಗೆ ಚೆನ್ನಾಗಿ ಬರುತ್ತಿತ್ತು. ಅತ್ತಿಗೆ, “ಊ ಅತ್ತೆ” ಅಂದು ರಾಗಿ ಬೀಸಲು ಹೋದಳು.

ನರಸೀಪುರದವರು ಮನೆ ನೋಡಲು ಬರಬೇಕಿದ್ದ ತಿಂಗಳು ನಾನು ಹೊರಗಾದೆ. ಯಾವಾಗಲೂ ನನ್ನ ಜೊತೆಯಲ್ಲೇ ಹೊರಗಾಗುತ್ತಿದ್ದ ಅತ್ತಿಗೆ ಬರಲಿಲ್ಲ. ಅವಳು ಒಳಗೆ ಮುದ್ದೆ ತಿರುವುತ್ತಿದ್ದಳು, ದೇವರಿಗೆ ದೀಪ ಹಚ್ಚುತ್ತಿದ್ದಳು. ಅವ್ವ ಜಗಲಿಯ ಖಾಲಿ ಜಾಗವನ್ನು ನೋಡುತ್ತ ಓಡಾಡುತ್ತಿದ್ದಳು, ಬಾಯಿಬಿಟ್ಟು ಕೇಳಲು ಹೆದರಿಕೆ. ನನಗಂತೂ ಖುಷಿಯೋ ಖುಷಿ.

ಮಾರನೆಯ ಬೆಳಗ್ಗೆ, ಇನ್ನೂ ಮಬ್ಬುಗತ್ತಲೆ ಇರುವಾಗ, ಅತ್ತಿಗೆ ನಾಲೆ ಕಡೆಯಿಂದ ಬಂದಳು. ಸೆರಗಿನ ಮರೆಯಲ್ಲಿ ಹಿಂಡಿದ ಬಟ್ಟೆ. ಅದನ್ನು ಕೊಟ್ಟಿಗೆಯ ಸೂರಿನ ಹುಲ್ಲಿಗೆ ಸಿಕ್ಕಿಸಿ ತಿರುಗಿದರೆ ನಾನು ಎದ್ದು ಕೂತಿದ್ದೆ. ಮುಟ್ಟಾದವಳು ದೇವರ ದೀಪ ಹಚ್ಚಿದ್ದಾಳೆ! ಅವ್ವನಿಗೆ ಗೊತ್ತಾದರೆ ಅವತ್ತೇ ತವರಿಗೆ ಅಟ್ಟುತ್ತಿದ್ದಳು.

ಅತ್ತಿಗೆ ಕೈ ಮುಗಿಯಲಿಲ್ಲ, ಆಣೆ ಹಾಕಿಸಲಿಲ್ಲ. “ಒಂದೇ ಒಂದು ತಿಂಗ್ಳು ಮಗ” ಅಂದಳು, ಅಷ್ಟೇ.

ನಾನು ಗೋಡೆ ಕಡೆ ತಿರುಗಿ ಮಲಗಿದೆ.

ಅವ್ವ ನರಸೀಪುರಕ್ಕೆ ಈಗ ಬರುವುದು ಬೇಡ ಅಂತ ಹೇಳಿಕಳಿಸಿದಳು. ಸೊಸೆಗೆ ಕೊಡ ಹೊರಲು ಬಿಡಲಿಲ್ಲ. ಕಳಿತ ರಸಬಾಳೆಯನ್ನು ತಾನೇ ಸುಲಿದು ಕೊಡುತ್ತಿದ್ದಳು. ಅತ್ತಿಗೆ ಎಲ್ಲವನ್ನೂ ತಿಂದಳು, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ. ಎರಡನೆಯ ತಿಂಗಳೂ ಹಾಗೇ ದಾಟಿತು.

ಅದರ ಮುಂದಿನ ತಿಂಗಳು, ಮಟಮಟ ಮಧ್ಯಾಹ್ನ, ಅತ್ತಿಗೆ ತಾನೇ ಚಾಪೆ ತಂದು ಜಗಲಿಯಲ್ಲಿ ಹಾಸಿಕೊಂಡು ಕೂತಳು. ಅವ್ವ ಹಿತ್ತಲಿನಿಂದ ಬಂದವಳು ನೋಡಿದಳು. ಹೊರಗಾದವರ ನೆರಳಿಗೂ ಸರಿದು ನಡೆಯುತ್ತಿದ್ದ ನಮ್ಮವ್ವ ಸೀದಾ ಆ ಚಾಪೆಯ ಮೇಲೇ ಕುಸಿದು ಸೊಸೆಯನ್ನು ತಬ್ಬಿಕೊಂಡಳು.

“ಬಸ್ರು ಇಳ್ದೋಯ್ತಾ ನನ್ ತಾಯಿ? ಇಳ್ದೋಯ್ತಾ?”

ಅತ್ತಿಗೆ ಇಲ್ಲ ಅನ್ನಲಿಲ್ಲ. ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಏನು ನಾಟಕ ಅಂತ ಆಗ ಅಂದುಕೊಂಡೆ... ನನಗೇ ಮದುವೆಯಾಗಿ ಮಕ್ಕಳಾದ ಮೇಲೆ ಗೊತ್ತಾಯಿತು, ಅದು ನಾಟಕವಲ್ಲ.

“ಒಂದ್ಸಲ ನಿಂತಿದ್ದು ಇನ್ನೊಂದ್ಸಲ ನಿಲ್ದೆ ಹೋದಾತಾ?” ಅಂತ ಅವ್ವ ಎರಡನೆಯ ಮದುವೆಯ ಮಾತನ್ನೇ ಬಿಟ್ಟಳು. ನರಸೀಪುರದ ಹುಡುಗಿ ಬೇರೆಲ್ಲೋ ಸೊಸೆಯಾದಳು. ನಿಲ್ಲಲಿಲ್ಲ, ಕೊನೆಗೂ ಏನೂ ನಿಲ್ಲಲಿಲ್ಲ. ಆದರೆ ಯಾವ ಹುಡುಗ ಬೀದಿಯಲ್ಲಿ ಓಡಿದರೂ ಅವ್ವ, “ಇದ್ದಿದ್ರೆ ನಮ್ ಹೈದನೂ ಇಷ್ಟೆತ್ರ ಇರೋನು” ಅನ್ನುತ್ತಿದ್ದಳು. ಅವ್ವ ಹೋದ ಮೇಲೆ ಆ ಮಾತನ್ನು ಯಾರೂ ಆಡುವುದಿಲ್ಲ ಅಂದುಕೊಂಡಿದ್ದೆ. ಅತ್ತಿಗೆ ಶುರುಮಾಡಿದಳು.

ಹೋದ ವರ್ಷ ಅವಳು ಹಾಸಿಗೆ ಹಿಡಿದಾಗ ನೋಡಲು ಹೋಗಿದ್ದೆ. ಕೈ ಹಿಡಿದುಕೊಂಡು, “ನಮ್ ಹೈದ ಇದ್ದಿದ್ರೆ ಈಗ ಮೊಮ್ಮಕ್ಳ ಕಾಣೋನು, ಅಲ್ವಾ ಮಗ?” ಅಂದಳು. ಆ ಬೆಳಗ್ಗೆ, ಆ ಬಟ್ಟೆ, ಒಂದೂ ಅವಳ ಕಣ್ಣಿನಲ್ಲಿ ಇರಲಿಲ್ಲ. ಅದೆಲ್ಲ ಗೊತ್ತಿದ್ದವಳು ಈಗ ನಾನೊಬ್ಬಳೇ. “ಊ ಅತ್ಗೆ, ಕಾಣೋನು” ಅಂದೆ. ಅದೇ ವಾರ ತೀರಿಕೊಂಡಳು.

“ಇದ್ಯಾರ್ದು ಅತ್ತೆ? ಒಲೆಗಾಕ್ಲಾ?” ಅಂದಳು ನನ್ನ ಸೊಸೆ, ಅಟ್ಟದ ಮೇಲಿಂದ.

“ಬೇಡ. ನಮ್ಮ ಅತ್ಗೇದು.”

“ಮಕ್ಳಿಲ್ದೋರು ಅಂತಿದ್ರಲ್ಲ, ಅವ್ರದ್ದಾ?”

“ಯಾರೇ ಹಾಗಂದೋರು? ಒಂದಾಗಿತ್ತು. ಗಂಡು. ಉಳೀಲಿಲ್ಲ” ಅಂದೆ. ಚಾಪೆಯನ್ನು ಕೊಡವಿ, ಸುತ್ತಿ, ಮತ್ತೆ ಅಟ್ಟಕ್ಕೆ ಹಾಕಿಸಿದೆ.