ನಾನು ಅಳಿಸಿದ ಹಳದಿ

ಹುಟ್ಟಿ ನಾಲ್ಕೈದು ದಿನದ ಕೂಸುಗಳ ಫೋಟೋ ತೆಗೆಯುವುದು ನನ್ನ ಕೆಲಸ. ಕೊಯಮತ್ತೂರಿನ ಗಾಂಧಿಪುರಂ ಹತ್ತಿರ ಚಿಕ್ಕ ಸ್ಟುಡಿಯೋ ಇದೆ. ಆದರೆ ಅಷ್ಟು ಎಳೆಯ ಕೂಸನ್ನು ಯಾರೂ ಹೊರಗೆ ತರುವುದಿಲ್ಲ, ನಾನೇ ಮನೆಗಳಿಗೆ ಹೋಗುತ್ತೇನೆ.

ಆ ದಿನ ಹೋದದ್ದು ಹತ್ತಿರದ ಅವಿನಾಶಿ ಊರಿಗೆ. ನಮ್ಮ ಹಾಗೇ ಮನೆಯೊಳಗೆ ಕನ್ನಡ ಆಡುವ ನೇಕಾರರ ಮನೆ. ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಐದು ದಿನದ ಹೆಣ್ಣುಕೂಸು. ಪಕ್ಕದ ಶೆಡ್ಡಿನಲ್ಲಿ ಪವರ್‌ಲೂಮುಗಳು ಬಡಿಯುತ್ತಿದ್ದರೂ ಅದು ಬೆಚ್ಚಲಿಲ್ಲ.

ನಮ್ಮ ಕೆಲಸದಲ್ಲಿ ನಿದ್ದೆ ಮಾಡುವ ಕೂಸು ಸಿಕ್ಕರೆ ಪುಣ್ಯ. ಸಾಮಾನ್ಯವಾಗಿ ಅರ್ಧ ಹೊತ್ತು ಸಮಾಧಾನ ಮಾಡುವುದರಲ್ಲೇ ಹೋಗುತ್ತದೆ. ಇವಳು ಮಾತ್ರ ಬಿಳಿ ಬಟ್ಟೆಯಲ್ಲಿ ಸುತ್ತಿದರೂ, ಕೈ ಮಡಚಿ ಗಲ್ಲದ ಕೆಳಗಿಟ್ಟರೂ, ಬೆತ್ತದ ಬುಟ್ಟಿಯಲ್ಲಿ ಮಲಗಿಸಿದರೂ ಕುಯ್ಯೆನ್ನಲಿಲ್ಲ.

"ಎಷ್ಟು ಒಳ್ಳೆ ಕೂಸಮ್ಮಾ ನಿಂದು!" ಎಂದೆ.

ಬಾಣಂತಿ ನಗಲಿಲ್ಲ. "ಹಾಲಿಗೂ ಏಳ್ತಿಲ್ಲಕ್ಕಾ. ಮೊಕ ಹಳದಿ ಕಾಣ್ತದೆ ಅಲ್ವಾ?"

"ಸುಮ್ನಿರು," ಎಂದರು ಅವಳ ಅಮ್ಮ. "ನೀನೂ ಹುಟ್ಟಿದಾಗ ಹಿಂಗೇ ಇದ್ದೆ. ನಾಲ್ಕು ದಿನ ಬೆಳಗಿನ ಬಿಸಿಲು ಕಾಸಿದ್ರೆ ಸರಿ ಹೋಗ್ತದೆ." ಆಮೇಲೆ ನನ್ನ ಕಡೆ ತಿರುಗಿದರು. "ನೀನೇ ಹೇಳು ತಾಯೀ, ಎಷ್ಟು ಕೂಸು ನೋಡಿದೀಯ ನೀನು."

ಕಿಟಕಿಗೆ ಹಳದಿ ಪರದೆ ಹಾಕಿದ್ದರು. "ಪರದೆ ಬಣ್ಣ ಬಿದ್ದಿದೆ, ಅಷ್ಟೇ," ಎಂದುಬಿಟ್ಟೆ. ನನಗೆ ಗೊತ್ತಿಲ್ಲ ಎನ್ನಬಹುದಿತ್ತು. ಎನ್ನಲಿಲ್ಲ.

ಸಂಜೆ ಕಂಪ್ಯೂಟರಿನಲ್ಲಿ ನೋಡಿದಾಗ ಕೂಸು ಹಳದಿಯಾಗಿಯೇ ಇತ್ತು. ಎಳೆ ಚರ್ಮದ ಕೆಂಪು, ಕಲೆ, ಸಿಪ್ಪೆ ಎಲ್ಲವನ್ನೂ ತಿದ್ದುವುದು ನನಗೆ ರೂಢಿ. ಯಾವ ಮನೆಯವರಾದರೂ ಕೇಳುವುದು ಗುಲಾಬಿ ಬಣ್ಣದ ಕೂಸನ್ನೇ. ಹಳದಿಯನ್ನು ಇಳಿಸಿ, ನಾಲ್ಕು ಫೋಟೋ ವಾಟ್ಸಾಪಿನಲ್ಲಿ ಕಳಿಸಿದೆ.

ಮರುದಿನ ಮಧ್ಯಾಹ್ನ ಬಾಣಂತಿಯೇ ಫೋನ್ ಮಾಡಿದಳು. ದನಿ ತಗ್ಗಿಸಿ ಮಾತಾಡುತ್ತಿದ್ದಳು.

"ಅಕ್ಕಾ, ಫೋಟೋದಲ್ಲಿ ಚೆನ್ನಾಗಿದಾಳೆ. ಮಡಿಲಲ್ಲಿ ನೋಡಿದ್ರೆ ಹಳದಿ. ಆಸ್ಪತ್ರೆಗೆ ಹೋಗೋಣ ಅಂದ್ರೆ ಅಮ್ಮ ನಿಮ್ಮ ಫೋಟೋ ತೋರಿಸ್ತಾರೆ, ಕೂಸಿಗೇನಾಗಿದೆ, ನಿಂಗೇ ಬಯ ಅಂತಾರೆ. ಯಾವ್ದು ನಿಜ ಅಕ್ಕಾ?"

ತಿದ್ದದ ಫೋಟೋಗಳನ್ನು ತೆರೆದೆ. ಒಂದರಲ್ಲಿ ಕೂಸು ಅರೆಗಣ್ಣು ಬಿಟ್ಟಿತ್ತು. ಚೆನ್ನಾಗಿ ಬಂದಿಲ್ಲವೆಂದು ಪಕ್ಕಕ್ಕೆ ಹಾಕಿದ್ದೆ. ಕಣ್ಣಿನ ಬಿಳಿಭಾಗ ಅರಿಸಿನದ ನೀರಿನ ಹಾಗಿತ್ತು. ಸುತ್ತಿದ ಬಟ್ಟೆ ಮಾತ್ರ ಅಚ್ಚ ಬಿಳಿ. ಪರದೆಯ ಬಣ್ಣವಾಗಿದ್ದರೆ ಬಟ್ಟೆಗೂ ಬೀಳಬೇಕಿತ್ತು.

"ಈಗ್ಲೇ ಹೊರಡಮ್ಮಾ," ಎಂದೆ. "ಫೋಟೋ ನಂಬಬೇಡ. ಆ ಬಣ್ಣ ನಾನೇ ತೆಗೆದೆ."

ಅಮ್ಮ ಫೋನ್ ಕಿತ್ತುಕೊಂಡರು. "ನೀನೇ ತಾನೇ ಪರದೆ ಅಂದೆ?"

"ಹೌದಮ್ಮಾ, ತಪ್ಪು ಹೇಳಿದೆ. ನಿಮ್ಮ ಕಾಲಿಗೆ ಬೀಳ್ತೀನಿ, ಹೊರಡಿ."

ಫೋನ್ ಕಟ್ಟಾಯಿತು. ಅರೆಗಣ್ಣಿನ ಫೋಟೋವನ್ನು ಇದ್ದ ಹಾಗೇ ಕಳಿಸಿದೆ. ನೋಡಿದ ಗುರುತು ಬಿತ್ತು. ಸಂಜೆ ಬಾಣಂತಿಯಿಂದ ಒಂದು ಸಾಲು ಬಂತು: ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಸೇರಿಸಿಕೊಂಡಿದ್ದಾರೆ.

ಕಾಮಾಲೆ ಬಹಳ ಏರಿತ್ತು. ನೀಲಿ ದೀಪದ ಕೆಳಗೆ ಮಲಗಿಸಿದ್ದರು. ಇಳಿಯದಿದ್ದರೆ ರಕ್ತ ಬದಲಿಸಬೇಕಾಗುತ್ತದೆ ಎಂದಿದ್ದರಂತೆ. ಮರುದಿನ ಹೋದೆ. ಬಾಣಂತಿ ವರಾಂಡದ ಬೆಂಚಿನಲ್ಲಿ ಕೂತಿದ್ದಳು. ನನಗೆ ಮಾತಿಗಿಂತ ಮೊದಲು ಅಳು ಬಂತು.

"ಇಲ್ಲಿ ಅಳಬೇಡಿ ಅಕ್ಕಾ. ಅಮ್ಮ ನೋಡಿದ್ರೆ ಕೂಸಿಗೆ ಏನೋ ಆಯ್ತು ಅಂದ್ಕೊಳ್ತಾರೆ," ಎಂದಳು.

ಅಷ್ಟರಲ್ಲಿ ಅಮ್ಮ ಫ್ಲಾಸ್ಕ್ ಹಿಡಿದು ಬಂದರು. ಮಗಳಿಗೆ ಹಾಲು ಬಗ್ಗಿಸಿ ಕೊಟ್ಟು, ಬೆಂಚಿನ ಆ ತುದಿಯಲ್ಲಿ ಕೂತರು. ನನ್ನ ಮುಖ ನೋಡಲಿಲ್ಲ.

ಮೂರನೆಯ ದಿನ ಕಾಮಾಲೆ ಇಳಿಯಿತು, ರಕ್ತ ಬದಲಿಸುವ ಪ್ರಮೇಯ ಬರಲಿಲ್ಲ. ಆದರೆ ಅಷ್ಟು ಏರಿದ್ದರಿಂದ ಕಿವಿಗೆ ತೊಂದರೆಯಾಗಿರಬಹುದು, ಮೂರು ತಿಂಗಳಿಗೆ ಪರೀಕ್ಷೆ ಮಾಡಿಸಿ ಎಂದು ಡಾಕ್ಟರು ಹೇಳಿದರು. ಆ ಮೂರು ತಿಂಗಳು ಯಾವ ಮನೆಗೆ ಹೋದರೂ ಕೂಸಿನ ಪಕ್ಕದಲ್ಲಿ ಚಪ್ಪಾಳೆ ತಟ್ಟಿ ನೋಡುತ್ತಿದ್ದೆ. ಬೆಚ್ಚಿದರೆ ಸಮಾಧಾನ. ಏಕೆ ಎಬ್ಬಿಸುತ್ತೀರಿ ಎಂದು ಬೈಸಿಕೊಂಡದ್ದೂ ಇದೆ.

ಪರೀಕ್ಷೆಯ ದಿನ ಬಾಣಂತಿ ಫೋನ್ ಮಾಡಿದಳು. "ಕಿವಿ ಕೇಳ್ತದಕ್ಕಾ," ಎಂದಳು. ನಾನು ಮಾಡಿಕೊಡಬೇಕಿದ್ದ ಆಲ್ಬಮ್ಮಿನ ಮಾತು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಗ ಕ್ಯಾಮೆರಾ ತೆಗೆಯುವ ಮೊದಲು ಹಾಲು ಯಾವಾಗ ಕುಡಿಯಿತು ಎಂದು ಕೇಳುತ್ತೇನೆ, ಕಣ್ಣು ನೋಡುತ್ತೇನೆ. ಹೋದ ತಿಂಗಳು ತೊಂಡಾಮುತ್ತೂರಿನಲ್ಲಿ ಒಂದು ಕೂಸು ತೀರಾ ಮಂಪರಿನಲ್ಲಿತ್ತು. ಮೊದಲು ಡಾಕ್ಟರಿಗೆ ತೋರಿಸಿ ಎಂದು ಬ್ಯಾಗು ಕಟ್ಟಿದೆ. "ಫೋಟೋಗೆ ಕರೆದರೆ ವೈದ್ಯ ಮಾಡ್ತೀರಾ?" ಎಂದು ಅದರ ತಂದೆ ತಮಿಳಿನಲ್ಲಿ ಕೂಗಾಡಿದ. ಆ ಕೂಸಿಗೆ ಏನೂ ಆಗಿರಲಿಲ್ಲವಂತೆ. ಅವರು ಬೇರೆಯವರನ್ನು ಕರೆಸಿ ಫೋಟೋ ತೆಗೆಸಿಕೊಂಡರು.