ಹಗುರದ ಗರಗಸ

ಮರದ ಗೆಲ್ಲು ಕಡಿಸುವ ಗುತ್ತಿಗೆ ನನ್ನದು, ಮರ ಹತ್ತುವವರು ಲೋಕಣ್ಣ. ಹಳೆಯ ಗರಗಸದ ಮೆಷಿನ್ ಕೆಟ್ಟಾಗ ಹೊಸತು ತರಲು ಇಬ್ಬರೂ ಅಂಗಡಿಗೆ ಹೋದೆವು. ಲೋಕಣ್ಣ ಒಂದು ಚಿಕ್ಕ ಚೈನ್‌ಸಾ ಎತ್ತಿ, ಕೈ ಮುಂದೆ ಚಾಚಿ ಸ್ವಲ್ಪ ಹೊತ್ತು ಹಾಗೆಯೇ ಹಿಡಿದು ನೋಡಿದರು.

"ಇದೇ ಸಾಕು. ಮೇಲೆ ಹಿಡಿಯಲಿಕ್ಕೆ ಹಗುರ ಉಂಟು," ಎಂದರು. ಮರದ ಮೇಲೆ ಕೆಲಸ ಮಾಡುವವರಿಗೆಂದೇ ಮಾಡಿದ್ದು ಅದು ಎಂದು ಅಂಗಡಿಯವರೂ ಹೇಳಿದರು.

"ಆಟದ ಸಾಮಾನಿನ ಹಾಗೆ ಉಂಟು ಲೋಕಣ್ಣ, ದೊಡ್ಡ ಮರಕ್ಕೆ ಎಂತ ಆಗ್ತದೆ?" ಎಂದು ನಾನು ಉದ್ದ ಬ್ಲೇಡಿನ ದೊಡ್ಡದನ್ನೇ ಕಟ್ಟಿಸಿಕೊಂಡೆ. ಅದನ್ನು ಕೈಯಲ್ಲಿ ಎತ್ತಿಯೂ ನೋಡಲಿಲ್ಲ.

ಒಂದು ತಿಂಗಳ ನಂತರ ಕದ್ರಿಯ ಒಂದು ಮನೆಯಲ್ಲಿ ಮಾವಿನ ಮರದ ಕೆಲಸ. ಅರ್ಧದಲ್ಲಿ ದೊಡ್ಡ ಮೆಷಿನ್ ಸಮೇತ ಇಳಿದು ಬಂದ ಲೋಕಣ್ಣ ನೀರಿನ ಲೋಟವನ್ನು ಎಡಗೈಯಲ್ಲಿ ತೆಗೆದುಕೊಂಡರು.

"ಭುಜ ಸ್ವಲ್ಪ ಹಿಡಿದಿದೆ," ಎಂದರು.

"ಇನ್ನು ಎರಡೇ ಗೆಲ್ಲು ಅಲ್ವಾ," ಎಂದೆ ನಾನು.

ಅವರು ಮತ್ತೆ ಹತ್ತಿ ಎರಡನ್ನೂ ಕಡಿದರು. ಮರುದಿನದಿಂದ ಅವರ ಬಲಗೈ ತಲೆಯ ಮಟ್ಟಕ್ಕೆ ಏಳಲೇ ಇಲ್ಲ. ಇನ್ನು ಮರ ಹತ್ತಬಾರದೆಂದು ಡಾಕ್ಟರು ಹೇಳಿದರು.

ಆಮೇಲೆ ನಾನು ಆ ಚಿಕ್ಕ ಮೆಷಿನ್ ತಂದು, ಸುರತ್ಕಲ್‌ನ ಅವರ ಮನೆಗೆ ಕೊಂಡುಹೋಗಿ ತೋರಿಸಿದೆ. ತಪ್ಪಾಯಿತು ಎನ್ನುವ ಬದಲು ಅದರ ತೂಕ ಎಷ್ಟೆಂದು ಹೇಳಿದೆ. ಅವರು ಎಡಗೈಯಲ್ಲಿ ಎತ್ತಿ ನೋಡಿದರು.

"ಒಳ್ಳೆದುಂಟು. ಇದಾದರೆ ನೀವೇ ಹತ್ತಬಹುದು."

ಬಲ್ಬ್ ಬದಲಿಸಲು ಸ್ಟೂಲ್ ಹತ್ತಿದರೂ ನನ್ನ ಕಾಲು ನಡುಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.