ಹಿಂದಾಳು ಲೀಲಾ

ದಸರಾ ಮುಗಿದು ದೀಪಾವಳಿಯ ಹೊಗೆ ಕವಿಯುವ ಮುಂಚೆ ದೆಹಲಿಯವರಿಗೆ ಉಸಿರಾಡಲು ಯೋಗ್ಯವಾದ ಕೆಲವು ಭಾನುವಾರಗಳು ಸಿಗುತ್ತವೆ. ಆ ಭಾನುವಾರಗಳಲ್ಲಿ ಕನ್ನಡಿಗರದೊಂದು ಚಾರಣ ಬಳಗ ಟೆಂಪೊ ಹತ್ತಿ, ಫರೀದಾಬಾದಿನಾಚೆಯ ಅರಾವಳಿ ಗುಡ್ಡಗಳನ್ನು ಸುತ್ತಿ, ಸಂಜೆಗೆ ಮರಳುತ್ತದೆ. ಮುಂದೆ ನಡೆದು ದಾರಿ ತೋರುವವನು ಮುಂದಾಳು. ಕಟ್ಟಕಡೆಗೆ ನಡೆದು, ಯಾರೂ ಹಿಂದುಳಿಯದಂತೆ ನೋಡಿಕೊಳ್ಳುವವರು ಹಿಂದಾಳು. ಮುಂದಾಳುಗಳು ಎಷ್ಟೋ ಜನ ಬಂದು ಹೋದರು. ಹಿಂದಾಳು ಮಾತ್ರ ಮೊದಲಿನಿಂದಲೂ ಇಂದಿರಾಪುರಂನ ಲೀಲಾ.

ಅವರಿಗೆ ಅದೇನು ಹೊಸ ಕೆಲಸವಲ್ಲ. ದಾವಣಗೆರೆಯ ಮನೆಗೆ ಹಿರಿಮಗಳು. ತಂಗಿಯರ ಮದುವೆ ಮೊದಲು ಆಗಲಿ ಎಂದು ಕಾದರು, ತಮ್ಮದು ಆಗಲೇ ಇಲ್ಲ. ಕರೋಲ್ ಬಾಗ್‌ನ ಬ್ಯಾಂಕೊಂದರಲ್ಲಿ ನಿವೃತ್ತಿಯ ತನಕ ದುಡಿದರು. ಬಡ್ತಿಯ ಸಾಲಿನಲ್ಲಿ ಅಲ್ಲಿಯೂ ಕೊನೆಯ ಜಾಗ. "ಲೀಲಾ ಯಾವತ್ತೂ ಬೇಜಾರು ಮಾಡ್ಕೊಳ್ಳಲ್ಲ" ಎಂದು ಎಲ್ಲರೂ ಹೊಗಳುತ್ತಿದ್ದರು. ಬಗ್ಗಿದವರಿಗೆ ಒಂದು ಗುದ್ದು ಹೆಚ್ಚು ಎಂಬ ಗಾದೆ ಹೊಗಳುವವರಿಗೆ ನೆನಪಾಗುವುದಿಲ್ಲ.

ಗುಡ್ಡದಲ್ಲಿ ಮಾತ್ರ ಕೊನೆಯ ಜಾಗಕ್ಕೊಂದು ಮರ್ಯಾದೆಯಿತ್ತು. ಹಿಂದಾಳು ಹತ್ತದೆ ಟೆಂಪೊ ಹೊರಡಬಾರದು ಎಂಬುದು ಬಳಗದ ಕಟ್ಟಳೆ. ಲೋಕದಲ್ಲಿ ತನಗಾಗಿ ಕಾಯುವ ಗಾಡಿಯೊಂದಿದೆ ಎಂಬುದು ಲೀಲಾಗೆ ಸಣ್ಣ ಸಂಗತಿಯಾಗಿರಲಿಲ್ಲ.

ಈಗಿನ ಮುಂದಾಳು ಯಶವಂತ್. ಹೌಜ್ ಖಾಸ್‌ನಲ್ಲಿ ಓದುತ್ತಿದ್ದಾಗ ಮೊದಲ ಚಾರಣಕ್ಕೆ ಬಂದವನು ಅರ್ಧ ದಾರಿಯಲ್ಲೇ ಬಂಡೆಯ ಮೇಲೆ ಕುಸಿದು, ನನ್ನನ್ನು ಬಿಟ್ಟು ಹೋಗಿ ಎಂದು ಅಳುಮುಖ ಮಾಡಿದ್ದ. ಲೀಲಾ ಅವನ ಪಕ್ಕ ಕೂತು ಕೋಡುಬಳೆ ತಿನ್ನಿಸಿ, "ಅವಸರ ಇಲ್ಲ ಕಣಪ್ಪ, ನಾನು ನಿನ್ನ ಹಿಂದೇನೇ ಇರ್ತೀನಿ" ಎಂದಿದ್ದರು. ಈಗ ಅವನಿಗೆ ಗುರುಗ್ರಾಮದಲ್ಲಿ ನೌಕರಿ, ಕೈಯಲ್ಲಿ ಹೆಜ್ಜೆ ಎಣಿಸುವ ಗಡಿಯಾರ. ಹಿಂದಾಳಿಗಾಗಿ ಕಾಯುವುದು ಹಳೇ ಪದ್ಧತಿ ಎಂದು ಹೊಸದೊಂದನ್ನು ತಂದಿದ್ದ: ಹೊರಡುವಾಗ ಗುಂಪಿನ ಫೋಟೊ, ಮರಳುವಾಗ ಫೋಟೊದಲ್ಲಿದ್ದ ಮುಖಗಳೆಲ್ಲ ಟೆಂಪೊದಲ್ಲಿವೆಯೇ ಎಂಬ ತಾಳೆ.

ಆ ಭಾನುವಾರವೂ ಬೆಳಗ್ಗೆ ಫೋನನ್ನು ಲೀಲಾ ಕೈಗೆ ಕೊಟ್ಟ. "ಆಂಟಿ, ಒಂದು ಫೋಟೊ ತೆಗೀರಿ." ಯಾವಾಗಲೂ ಅವರೇ ತೆಗೆಯುತ್ತಿದ್ದರು. ಎಲ್ಲರೂ ನಕ್ಕರು, ಲೀಲಾ ಒತ್ತಿದರು.

ಇಳಿಯುವಾಗ ಒಣಗಿದ ಹಳ್ಳದ ಕಲ್ಲೊಂದು ಜಾರಿ ಅವರ ಮೊಣಕಾಲು ತಿರುಚಿತು. ಮುಂದಿದ್ದವರು ಮಾತಾಡುತ್ತ ತಿರುವು ದಾಟಿಬಿಟ್ಟಿದ್ದರು. ಕೂಗಿದರು; ಕೇಳಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಆದರೂ ಲೀಲಾ ಗಾಬರಿಯಾಗಲಿಲ್ಲ. ಟೆಂಪೊ ಹತ್ತಿರ ಯಶವಂತ್ ನೋಡುತ್ತಾನೆ, ಹಿಂದಾಳಿಲ್ಲ ಎಂದು ಗೊತ್ತಾಗುತ್ತದೆ, ಹುಡುಕಿಕೊಂಡು ಬರುತ್ತಾನೆ. ಅವನು ಬಂದಾಗ ಅಳುಮುಖ ಕಾಣಬಾರದೆಂದು ಸೆರಗಿನಿಂದ ಮುಖ ಕೂಡ ಒರೆಸಿಕೊಂಡರು.

ಜಾಲಿಯ ನೆರಳು ಉದ್ದವಾಯಿತು. ಮೇಕೆಗಳು ಹಟ್ಟಿಯ ಕಡೆ ಇಳಿದವು. ಯಾರೂ ಬರಲಿಲ್ಲ. ಕೊನೆಗೆ ಒಂದು ಕೋಲು ಊರಿಕೊಂಡು, ಕುಂಟುತ್ತ ರಸ್ತೆಗೆ ಬಂದರು. ಟೆಂಪೊ ನಿಂತಿದ್ದ ಜಾಗದಲ್ಲಿ ಚಿಪ್ಸಿನ ಖಾಲಿ ಪೊಟ್ಟಣಗಳು ಬಿದ್ದಿದ್ದವು. ಹಾಲಿನ ಗಾಡಿಯ ಭಯ್ಯಾ ಒಬ್ಬ ಮೆಟ್ರೊ ತನಕ ಕರೆತಂದ. ಅಲ್ಲಿ ಫೋನಿಗೆ ಜೀವ ಬಂತು. ಬಳಗದ ಗುಂಪಿನಲ್ಲಿ ಬೆಳಗಿನ ಫೋಟೊ, ಕೆಳಗೆ ಯಶವಂತನ ಸಾಲು: 'ಎಲ್ಲರೂ ಸೇಫಾಗಿ ತಲುಪಿದ್ವಿ.' ಅದಕ್ಕೆ ಸಾಲುಸಾಲು ಚಪ್ಪಾಳೆ.

ಮನೆ ಸೇರಿ, ಈಗ ಫೋನ್ ಬರುತ್ತದೆ, ಆಗ ಬರುತ್ತದೆ ಎಂದು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತರು. ಬಂದದ್ದು ಮರುದಿನ ಸಂಜೆ.

"ಆಂಟಿ, ಮುಂದಿನ ಸಂಡೆ ಬರ್ತೀರಲ್ವಾ?"

"ನಿನ್ನೆ ವಾಪಸ್ ಬರ್ತಾ ನಾನು ಎಲ್ಲಿ ಕೂತಿದ್ದೆ, ಯಶವಂತ?"

"ಟೆಂಪೊದಲ್ಲಿ..." ಎಂದವನು ತಡವರಿಸಿದ. "ಇಲ್ವಾ? ಫೋಟೊ ಇಟ್ಕೊಂಡೇ ತಾಳೆ ನೋಡ್ದೆ ಆಂಟಿ. ಎಲ್ಲರೂ ಇದ್ರು."

"ಆ ಫೋಟೊ ತೆಗೆದೋರು ಯಾರಪ್ಪ?"

"ಅಯ್ಯೋ, ಸಾರಿ ಆಂಟಿ. ರಿಯಲಿ ಸಾರಿ. ಆದ್ರೂ ನೀವು ಬರ್ಲೇಬೇಕು. ಹಿಂದೆ ನಡೆಯೋಕೆ ಬೇರೆ ಯಾರೂ ಒಪ್ತಾ ಇಲ್ಲ."

ಕಾಲು ಹೇಗಿದೆ ಎಂದು ಅವನು ಕೇಳಲಿಲ್ಲ. ಹೇಗೆ ಮನೆ ಸೇರಿದಿರಿ ಎಂದೂ ಕೇಳಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು! ಲೀಲಾ ಬದುಕಿನಲ್ಲಿ ಆಡಿ ಅಭ್ಯಾಸವಿಲ್ಲದ ಮಾತೊಂದನ್ನು ಆಡಿದರು.

"ಇಲ್ಲಪ್ಪ. ನಾನಿನ್ನು ಬರಲ್ಲ."

"ಚಲೋ, ಪರವಾಗಿಲ್ಲ ಆಂಟಿ. ರೆಸ್ಟ್ ತಗೊಳ್ಳಿ" ಎಂದು ಫೋನ್ ಇಟ್ಟ.

ಇನ್ನೊಂದು ಸಲ ಕರೆದಿದ್ದರೆ ಲೀಲಾ ಹೋಗುತ್ತಿದ್ದರು. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡಾದರೂ ಹೋಗುತ್ತಿದ್ದರು.